ಮಕ್ಕಳ ರಕ್ಷಣಾ ಘಟಕದಲ್ಲಿ ಕೆಲಸದ ಹಂಚಿಕೆ ಬದಲಿಸುವಾಗ: ಚಿಕ್ಕಮಗಳೂರು ಜಿಲ್ಲೆಯನ್ನು ಮುಂದಿಟ್ಟುಕೊಂಡು ಒಂದು ಕೈಪಿಡಿ

ಜಿಲ್ಲಾ ಮಕ್ಕಳ ರಕ್ಷಣಾ ಘಟಕವು ಹನ್ನೆರಡರ ಆಸುಪಾಸಿನ ಸಿಬ್ಬಂದಿಯ ಸಣ್ಣ ಕಚೇರಿ. ಆದರೆ ಚಿಕ್ಕಮಗಳೂರಿನಂಥ ಜಿಲ್ಲೆಯಲ್ಲಿ ಅದರ ಕೈ ಕಡೂರು, ಬೀರೂರಿನ ರೈಲು ನಿಲ್ದಾಣಗಳಿಂದ ಕಳಸ, ಶೃಂಗೇರಿಯ ಕಾಡಂಚಿನ ಮನೆಗಳವರೆಗೂ ಚಾಚಬೇಕಾಗುತ್ತದೆ. ಇಂಥ ಕಚೇರಿಗೆ ಬದಲಾವಣೆ ಹೊಸತೇನಲ್ಲ. 2009–10ರಲ್ಲಿ ಸಮಗ್ರ ಮಕ್ಕಳ ರಕ್ಷಣಾ ಯೋಜನೆಯೆಂದು ಆರಂಭವಾದದ್ದು ಈಗ ಮಿಷನ್ ವಾತ್ಸಲ್ಯವಾಗಿದೆ. 2015ರ ಬಾಲ ನ್ಯಾಯ ಕಾಯ್ದೆ 2016ರ ಜನವರಿ 15ರಿಂದ ಜಾರಿಗೆ ಬಂದಿತು. ಅದರ 2021ರ ತಿದ್ದುಪಡಿಯು 2022ರ ಸೆಪ್ಟೆಂಬರ್ 1ರಿಂದ ಜಾರಿಯಾಗಿ, ದತ್ತು ಆದೇಶ ನೀಡುವ ಅಧಿಕಾರವು ನ್ಯಾಯಾಲಯದಿಂದ ಜಿಲ್ಲಾಧಿಕಾರಿಗಳಿಗೆ ಬಂದಿತು, ಘಟಕದ ಮೇಲುಸ್ತುವಾರಿಯಲ್ಲಿಯೂ ಅವರ ಹೊಣೆ ಹೆಚ್ಚಿತು. 2023ರಲ್ಲಿ ಮಕ್ಕಳ ಸಹಾಯವಾಣಿ 1098 ಸ್ವಯಂಸೇವಾ ಸಂಸ್ಥೆಗಳ ಕೈಯಿಂದ ಸರ್ಕಾರದ ಕೈಗೆ ಬಂದಿತು. ಪ್ರತಿ ಬಾರಿಯೂ ಆದೇಶ ಮೇಲಿನಿಂದ ಬಂದಿದೆ. ಅದನ್ನು ಒಂದೇ ಒಂದು ಮಗುವಿಗೂ ತೊಂದರೆಯಾಗದಂತೆ ನೆಲಕ್ಕಿಳಿಸುವ ಕೆಲಸ ಜಿಲ್ಲೆಯ ಪಾಲಿಗೆ ಬಂದಿದೆ.

ಈ ಬರಹವು ಆ ಕೆಲಸಕ್ಕೆ ಸಂಬಂಧಿಸಿದ್ದು. ಹೇಳುವುದು ಸ್ಪಷ್ಟವಾಗಿರಲೆಂದು ಒಂದು ನಿರ್ದಿಷ್ಟ ಬದಲಾವಣೆಯನ್ನು ತೆಗೆದುಕೊಂಡಿದ್ದೇನೆ. ಈಗ ಬಹುತೇಕ ಕಡೆ ಕೆಲಸದ ಹಂಚಿಕೆ ವಿಷಯವಾರು ಇರುತ್ತದೆ. ಬಾಲಮಂದಿರದ ವಿಷಯ ಒಬ್ಬರಿಗೆ, ಪ್ರಾಯೋಜಕತ್ವದ (ಬಡ ಕುಟುಂಬದ ಮಗುವಿಗೆ ತಿಂಗಳಿಗೊಮ್ಮೆ ಕೊಡುವ ಹಣದ ನೆರವಿನ) ಕಡತ ಇನ್ನೊಬ್ಬರಿಗೆ, ಮನೆ ಭೇಟಿ ಮತ್ತೊಬ್ಬರಿಗೆ. ಒಂದು ಮಗು ಹೀಗೆ ಮೂರು ನಾಲ್ಕು ಮೇಜುಗಳನ್ನು ದಾಟುತ್ತದೆ. ಇದನ್ನು ತಾಲ್ಲೂಕುವಾರು ಹಂಚಿಕೆಗೆ ತಂದು, ಮೊದಲ ದೂರಿನಿಂದ ಹಿಡಿದು ಮಗು ಮನೆ ಸೇರಿದ ನಂತರದ ಭೇಟಿಯವರೆಗೂ ಒಬ್ಬರೇ ಹೊಣೆ ಹೊರುವಂತೆ ಮಾಡುವುದು ಹೇಗೆ ಎಂಬುದನ್ನು ನೋಡೋಣ. ಬೇರೆ ಯಾವ ಬದಲಾವಣೆಗೂ ಇದೇ ಕ್ರಮ ಬಹುಮಟ್ಟಿಗೆ ಹೊಂದುತ್ತದೆ.

ಮೊದಲು ಒಂದು ಕಡತದ ಹಿಂದೆ ನಡೆಯಿರಿ

ಯೋಜನೆಯೆಂದರೆ ಬಿಳಿ ಹಾಳೆಯ ಮೇಲೆ ಹುದ್ದೆಗಳ ಚೌಕಗಳನ್ನು ಬರೆದು ಗೆರೆ ಎಳೆಯುವುದು ಎಂದುಕೊಂಡು ಆರಂಭಿಸುವವರೇ ಹೆಚ್ಚು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲ ವಾರ, ಕಳೆದ ವರ್ಷ ಮುಕ್ತಾಯಗೊಂಡ ಹತ್ತು ಕಡತಗಳನ್ನು ತೆಗೆದುಕೊಂಡು, ಪ್ರತಿಯೊಂದು ಹಾಳೆಯೂ ಯಾವ ದಿನ ಯಾರ ಕೈಗೆ ಬಂತು, ಯಾವ ದಿನ ಆ ಕೈಯಿಂದ ಹೊರಟಿತು ಎಂಬುದನ್ನು ಆವಕ–ಜಾವಕ ವಹಿಗಳೊಂದಿಗೆ ತಾಳೆ ನೋಡಿ ಬರೆದಿಡಿ.

ಬೀರೂರು ನಿಲ್ದಾಣದಲ್ಲಿ ರಾತ್ರಿ ಒಂಟಿಯಾಗಿ ಸಿಕ್ಕ ಹತ್ತು ವರ್ಷದ ಹುಡುಗನ ಪ್ರಕರಣವೆಂದು ಇಟ್ಟುಕೊಳ್ಳಿ. ರೈಲ್ವೆ ಪೊಲೀಸರು 1098ಕ್ಕೆ ತಿಳಿಸುತ್ತಾರೆ. ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಆ ಹುಡುಗ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾಗಬೇಕು. ಸಮಿತಿಯು ಅವನನ್ನು ಬಾಲಮಂದಿರದಲ್ಲಿ ಇರಿಸಿ, ಸಾಮಾಜಿಕ ತನಿಖಾ ವರದಿಗೆ, ಅಂದರೆ ಮಗುವಿನ ಮನೆ, ಹಿನ್ನೆಲೆ ವಿಚಾರಿಸಿ ಬರೆಯುವ ವರದಿಗೆ, ಆದೇಶಿಸುತ್ತದೆ. ನಮೂನೆ 22ರಲ್ಲಿನ ಆ ವರದಿಗೆ 15 ದಿನದ ಗಡುವು. ಮಗುವನ್ನು ಮೊದಲು ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳೊಳಗೆ ಸಮಿತಿಯ ಅಂತಿಮ ಆದೇಶವಾಗಬೇಕು. ಈ ದಾರಿಯಲ್ಲಿ ತಡವಾಗುವುದು ಎಲ್ಲಿ? ತನಿಖೆಗೆ ಹೋದವರು ನಿಧಾನ ಮಾಡಿದ್ದು ಅಪರೂಪ. ಸಮಿತಿಯ ಆದೇಶ ಟಪಾಲಿಗೆ ಬಂದು, ವಹಿಯಲ್ಲಿ ದಾಖಲಾಗಿ, ಅಧಿಕಾರಿಯ ಷರಾ ಪಡೆದು, ಸಂಬಂಧಪಟ್ಟ ವಿಷಯ ನಿರ್ವಾಹಕರ ಮೇಜಿನಲ್ಲಿ ಕಾದು, ಕ್ಷೇತ್ರ ಕಾರ್ಯಕರ್ತರಿಗೆ ತಲುಪುವಾಗ ಹದಿನೈದು ದಿನಗಳಲ್ಲಿ ಐದಾರು ದಿನ ಕಳೆದುಹೋಗಿರುತ್ತವೆ. ಮೇಜು ಮತ್ತು ಮೇಜಿನ ನಡುವಿನ ಈ ಅಂತರವೇ ನಿಮ್ಮ ಯೋಜನೆಯ ವಿಷಯ. ಹತ್ತು ಕಡತಗಳಲ್ಲಿ ಯಾವ ಎರಡು ಮೇಜುಗಳ ನಡುವೆ ಹೆಚ್ಚು ದಿನ ಹೋಗಿದೆಯೋ, ಅಲ್ಲಿಯೇ ಬದಲಾವಣೆ ಮೊದಲು ಆಗಬೇಕು. ಹಾಗೆ ಅಂತರವೇ ಕಾಣದಿದ್ದರೆ, ಹಂಚಿಕೆಯನ್ನು ಮುಟ್ಟದೆ ಬಿಡುವುದು ಒಳ್ಳೆಯದು. ಚೆನ್ನಾಗಿ ನಡೆಯುತ್ತಿರುವುದನ್ನು ಕದಡುವ ಹಕ್ಕು ನಮಗಿಲ್ಲ.

ಕಡತ ಓದುವಾಗ ಇನ್ನೊಂದನ್ನೂ ಎಣಿಸಿ: ಆ ಮಗು ತನ್ನ ಕಥೆಯನ್ನು ಎಷ್ಟು ಮಂದಿಗೆ ಹೇಳಿದೆ? ಪೊಲೀಸರಿಗೆ, ಸಹಾಯವಾಣಿಯವರಿಗೆ, ಸಮಿತಿಗೆ, ಅಧೀಕ್ಷಕರಿಗೆ, ಆಪ್ತ ಸಮಾಲೋಚಕರಿಗೆ, ತನಿಖೆಗೆ ಬಂದವರಿಗೆ. ಆರು ಮಂದಿಗೆ ಆರು ಸಲ. ಈ ಸಂಖ್ಯೆಯನ್ನು ಕಡಿಮೆ ಮಾಡದ ಯಾವ ಬದಲಾವಣೆಯನ್ನೂ ನಾನು ಸುಧಾರಣೆಯೆಂದು ಒಪ್ಪಲಾರೆ.

ಯಾವುದು ನಮ್ಮ ಕೈಯಲ್ಲಿದೆ, ಯಾವುದು ಇಲ್ಲ

ಮಂಜೂರಾದ ಹುದ್ದೆಗಳ ಸಂಖ್ಯೆ, ಗೌರವಧನ, ಗುತ್ತಿಗೆಯ ಷರತ್ತು ಇವು ಜಿಲ್ಲೆಯ ತೀರ್ಮಾನಗಳಲ್ಲ. ಮಕ್ಕಳ ಕಲ್ಯಾಣ ಸಮಿತಿಯಂತೂ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಶಾಸನಬದ್ಧ ಪೀಠ; ಅದಕ್ಕೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಅಧಿಕಾರವಿದೆ. ತಿಂಗಳಿಗೆ ಕನಿಷ್ಠ 20 ದಿನ ಅದು ಸೇರಬೇಕೆಂದು ಕಾನೂನು ಹೇಳುತ್ತದೆ. ಘಟಕದ ಯೋಜನೆಯು ಸಮಿತಿಯ ಬೈಠಕ್‌ನ ದಿನಗಳಿಗೆ ಹೊಂದಿಕೊಳ್ಳಬೇಕೇ ಹೊರತು, ಸಮಿತಿಯು ಘಟಕದ ಅನುಕೂಲಕ್ಕೆ ಹೊಂದಿಕೊಳ್ಳಲಿ ಎಂದು ನಿರೀಕ್ಷಿಸುವುದು ತಪ್ಪು. ಹಾಗೆಯೇ ಅಪರಾಧದ ಆರೋಪ ಹೊತ್ತ ಮಕ್ಕಳ ಪ್ರಕರಣಗಳನ್ನು ವಿಚಾರಿಸುವ ಬಾಲ ನ್ಯಾಯ ಮಂಡಳಿಯ ಕೆಲಸವನ್ನು ನೋಡುವ ಕಾನೂನು ಮತ್ತು ಪರಿವೀಕ್ಷಣಾಧಿಕಾರಿಯನ್ನು ತಾಲ್ಲೂಕು ಹಂಚಿಕೆಯೊಳಗೆ ಎಳೆಯಬೇಡಿ. ಆ ಕೆಲಸದ ಲಯವೇ ಬೇರೆ.

ಯಾರು ಯಾವ ತಾಲ್ಲೂಕು ನೋಡಬೇಕು, ಟಪಾಲು ಎಷ್ಟು ಗಂಟೆಗೆ ತೆರೆಯಬೇಕು, ವರದಿಯ ಕರಡನ್ನು ಯಾರು ಓದಬೇಕು, ಒಬ್ಬರು ರಜೆ ಹೋದರೆ ಅವರ ಜಾಗಕ್ಕೆ ಯಾರು, ಮನೆ ಭೇಟಿಗೆ ವಾಹನ ಯಾವ ದಿನ, ಇವೆಲ್ಲ ಒಂದು ಕಚೇರಿ ಆದೇಶದಿಂದ ಜಿಲ್ಲೆಯಲ್ಲೇ ಆಗುವ ಕೆಲಸ. ಕೇಳಲು ಸಣ್ಣವು. ಮಗುವಿನ ದಿನಗಳು ಉಳಿಯುವುದು ಇವುಗಳಿಂದಲೇ.

ಹಂಚಿಕೆಯನ್ನು ತಾಲ್ಲೂಕುಗಳ ಸಂಖ್ಯೆಯಿಂದ ಭಾಗಿಸಿ ಸರಿಸಮ ಮಾಡಬೇಡಿ. ನಮ್ಮ ಜಿಲ್ಲೆ ಎರಡು ಬೇರೆ ನಾಡುಗಳಂತಿದೆ. ಕಡೂರು, ತರೀಕೆರೆ, ಅಜ್ಜಂಪುರ ಬಯಲುಸೀಮೆ. ರೈಲು, ಬಸ್ಸು ಎರಡೂ ಉಂಟು, ಲಂಬಾಣಿ ತಾಂಡಾಗಳಿಂದ ದುಡಿಯಲು ಹೋಗುವ ಕುಟುಂಬಗಳಿವೆ. ಮೂಡಿಗೆರೆ, ಕೊಪ್ಪ, ನರಸಿಂಹರಾಜಪುರ, ಶೃಂಗೇರಿ, ಕಳಸ ಮಲೆನಾಡು. ಇಲ್ಲಿ ಹತ್ತು ಕಿಲೋಮೀಟರ್ ಎಂದರೆ ಒಂದು ಗಂಟೆ ಆಗಬಹುದು, ಕಾಫಿ ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲು ಮನೆಗಳಲ್ಲಿ) ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕುಟುಂಬಗಳಿರುತ್ತವೆ. ಜಿಲ್ಲಾ ಕೇಂದ್ರದಿಂದ ಕಡೂರು 40 ಕಿಲೋಮೀಟರ್, ಶೃಂಗೇರಿ ಅದರ ಎರಡರಷ್ಟಕ್ಕಿಂತ ಹೆಚ್ಚು. ಆದುದರಿಂದ ಮಲೆನಾಡಿನ ಎರಡು ತಾಲ್ಲೂಕು ನೋಡುವವರಿಗೆ ಬಯಲಿನ ಮೂರು ತಾಲ್ಲೂಕು ನೋಡುವವರಷ್ಟೇ ಹೊರೆಯಿದೆ ಎಂದು ಆದೇಶದಲ್ಲಿಯೇ ಬರೆದು ಒಪ್ಪಿಕೊಳ್ಳಬೇಕು. ಮಗುವಿನ ಭಾಷೆಯನ್ನೂ ಹಂಚಿಕೆಯ ಆಧಾರವಾಗಿ ನೋಡಿ. ಹಿಂದಿ, ಬಂಗಾಳಿ, ಲಂಬಾಣಿ, ತುಳು ಇವುಗಳಲ್ಲಿ ಮಾತನಾಡಬಲ್ಲ ಸಿಬ್ಬಂದಿ ಅಥವಾ ದುಭಾಷಿ ಯಾರು ಎಂಬ ಒಂದು ಪಟ್ಟಿ ಮೊದಲೇ ಸಿದ್ಧವಿದ್ದರೆ, ಮಗು ಸಿಕ್ಕ ರಾತ್ರಿ ಹುಡುಕಾಡಬೇಕಾಗುವುದಿಲ್ಲ.

ಊರಿನ ಋತು ನೋಡಿ ದಿನ ಗೊತ್ತುಮಾಡಿ

ಸರ್ಕಾರದ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆಂದು ಬದಲಾವಣೆಯನ್ನೂ ಏಪ್ರಿಲ್ 1ಕ್ಕೆ ಇಟ್ಟುಕೊಳ್ಳುವ ರೂಢಿ ಇದೆ. ಮಕ್ಕಳ ರಕ್ಷಣೆಯ ದೃಷ್ಟಿಯಿಂದ ಅದು ಕೆಟ್ಟ ದಿನ. ಏಪ್ರಿಲ್–ಮೇ ತಿಂಗಳು ಮದುವೆಯ ಕಾಲ. ಅಕ್ಷಯ ತದಿಗೆ ಮತ್ತು ಸಾಮೂಹಿಕ ವಿವಾಹಗಳ ದಿನಗಳಲ್ಲಿ ಬಾಲ್ಯವಿವಾಹದ ಮಾಹಿತಿ ಯಾವ ಹೊತ್ತಿಗೂ ಬರಬಹುದು, ಬಂದ ಮಾಹಿತಿಗೆ ಕೆಲವೇ ಗಂಟೆಗಳಲ್ಲಿ ಹೊರಡಬೇಕಾಗುತ್ತದೆ. ಆ ಹೊತ್ತಿನಲ್ಲಿ "ಈ ತಾಲ್ಲೂಕು ಈಗ ನನ್ನದಲ್ಲ, ಅವರದು" ಎಂಬ ಮಾತು ಯಾರ ಬಾಯಿಂದಲೂ ಬರಬಾರದು. ಜೂನ್‌ನಲ್ಲಿ ಶಾಲೆಗೆ ಮರಳದ ಮಕ್ಕಳ ವಿಷಯ ಬರುತ್ತದೆ. ಮಳೆ ಹಿಡಿದರೆ ಆಗಸ್ಟ್‌ವರೆಗೆ ಮಲೆನಾಡಿನ ಭೇಟಿಗಳು ಕುಂಟುತ್ತವೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲು. ವಲಸೆ ಕುಟುಂಬಗಳು ಬರುತ್ತವೆ, ಶಾಲೆಗೆ ಸೇರದ ಮಕ್ಕಳು ಲೈನ್ ಮನೆಗಳಲ್ಲಿ ಉಳಿಯುತ್ತಾರೆ.

ಹಾಗಾಗಿ ನನ್ನ ಸಲಹೆ ಇಷ್ಟು. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ ಕಡತ ಓದುವುದು, ಪಟ್ಟಿ ಮಾಡುವುದು, ಸಿಬ್ಬಂದಿಯೊಂದಿಗೆ ಕುಳಿತು ಮಾತನಾಡುವುದು ಮುಗಿಯಲಿ. ಸೆಪ್ಟೆಂಬರ್ ಕೊನೆಗೆ ಕಡೂರು ಮತ್ತು ಮೂಡಿಗೆರೆ ಈ ಎರಡೇ ತಾಲ್ಲೂಕುಗಳಲ್ಲಿ ಹೊಸ ಹಂಚಿಕೆಯನ್ನು ಪ್ರಯೋಗಕ್ಕೆ ತನ್ನಿ. ಒಂದು ಬಯಲು, ಒಂದು ಮಲೆನಾಡು. ಒಂದರಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಸೋಲಬಹುದು, ಅದು ತಿಳಿಯಬೇಕು. ಕೊಯ್ಲಿನ ಒತ್ತಡದಲ್ಲಿ ಅದು ನಿಲ್ಲುತ್ತದೆಯೇ ಎಂಬುದನ್ನು ಜನವರಿಯವರೆಗೆ ನೋಡಿ, ಅಲ್ಲಿ ಕಂಡ ಕೊರತೆಯನ್ನು ಮುಂದಿನ ಸಾಲಿನ ಕ್ರಿಯಾ ಯೋಜನೆಯಲ್ಲಿ ಸೇರಿಸಿ. ಉಳಿದ ತಾಲ್ಲೂಕುಗಳನ್ನು ಫೆಬ್ರವರಿ–ಮಾರ್ಚ್‌ನಲ್ಲಿ ಎರಡು ಕಂತಿನಲ್ಲಿ ಸೇರಿಸಿದರೆ, ಮದುವೆಯ ಕಾಲ ಬರುವ ಮೊದಲು ಎಲ್ಲರಿಗೂ ತಮ್ಮ ತಮ್ಮ ಊರಿನ ಪಿಡಿಒ, ಅಂಗನವಾಡಿ ಮೇಲ್ವಿಚಾರಕಿ, ಆಶಾ ಕಾರ್ಯಕರ್ತೆಯರ ಪರಿಚಯವಾಗಿರುತ್ತದೆ. ನವೆಂಬರ್ ಸುಮಾರಿಗೆ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮ ಸಭೆಗಳಿಗೆ ಪ್ರಯೋಗದ ತಾಲ್ಲೂಕಿನ ಕಾರ್ಯಕರ್ತರು ಖುದ್ದಾಗಿ ಹೋಗಲಿ. ಮಕ್ಕಳಿಗೆ ಮುಖ ಪರಿಚಯವಾಗಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಪ್ರಭಾರ ವಹಿಸಿಕೊಡುವುದು

ಇಡೀ ಕೆಲಸದಲ್ಲಿ ಅತ್ಯಂತ ಅಪಾಯದ ಘಳಿಗೆ ಇದು. ಇದರ ಬಗ್ಗೆ ತುಸು ಹೆಚ್ಚೇ ಹೇಳಬೇಕಾಗಿದೆ.

ವರ್ಷಗಳ ಹಿಂದೆ ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಪ್ರಾಯೋಜಕತ್ವದ ವಿಷಯ ಒಬ್ಬರಿಂದ ಇನ್ನೊಬ್ಬರಿಗೆ ಹೋಯಿತು. ಕಡತಗಳನ್ನು ಎಣಿಸಿ, ಒಟ್ಟು ಇಷ್ಟು ಎಂದು ಬರೆದು, ಇಬ್ಬರೂ ಸಹಿ ಮಾಡಿದರು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅಜ್ಜಿಯ ಜೊತೆಗಿದ್ದ ಒಬ್ಬ ಹುಡುಗಿಯ ಬ್ಯಾಂಕ್ ಖಾತೆಯಲ್ಲಿ ಹೆಸರಿನ ಒಂದು ಅಕ್ಷರ ಬೇರೆಯಾಗಿದ್ದು, ಅದನ್ನು ಸರಿಪಡಿಸಲು ಬ್ಯಾಂಕಿಗೆ ಪತ್ರ ಬರೆಯಬೇಕೆಂಬುದು ಹಿಂದಿನವರ ನೆನಪಿನಲ್ಲಿತ್ತು, ಕಡತದಲ್ಲಿರಲಿಲ್ಲ. ಮೂರು ತಿಂಗಳು ಹಣ ಬರಲಿಲ್ಲ. ಸರ್ಕಾರ ನಿಲ್ಲಿಸಿಬಿಟ್ಟಿತು ಎಂದುಕೊಂಡ ಅಜ್ಜಿ ಯಾರನ್ನೂ ಕೇಳಲಿಲ್ಲ. ಹುಡುಗಿ ಶಾಲೆ ಬಿಟ್ಟು ತೋಟದ ಕೆಲಸಕ್ಕೆ ಹೋಗತೊಡಗಿದ್ದಳು. ಅವಳನ್ನು ಮರಳಿ ಶಾಲೆಗೆ ಸೇರಿಸಲು ಆರು ತಿಂಗಳು ಹಿಡಿಯಿತು. ನಾನೂ ಆ ಕಚೇರಿಯಲ್ಲೇ ಇದ್ದೆ, ನಾನೂ ಗಮನಿಸಲಿಲ್ಲ. ಈಗ ಮಿಷನ್ ವಾತ್ಸಲ್ಯದಲ್ಲಿ ಆ ನೆರವು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಗ್ರಾಮೀಣ ಭಾಗದಲ್ಲಿ ವಾರ್ಷಿಕ ಆದಾಯ 72,000 ರೂಪಾಯಿ ಮೀರದ ಕುಟುಂಬಗಳಿಗೆ ದೊರೆಯುವಂಥದ್ದು. ಇಂಥ ಮನೆಯಲ್ಲಿ ಮೂರು ತಿಂಗಳೆಂದರೆ ಎಷ್ಟು ದೊಡ್ಡ ಅವಧಿ ಎಂಬುದು ಲೆಕ್ಕದ ವಹಿಯಲ್ಲಿ ಕಾಣಿಸುವುದಿಲ್ಲ.

ಆದುದರಿಂದ ಕಡತಗಳ ಸಂಖ್ಯೆಗೆ ಸಹಿ ಹಾಕಿ ಪ್ರಭಾರ ಮುಗಿಸಬೇಡಿ. ಪ್ರತಿ ಮಗುವಿಗೂ ಒಂದು ಪುಟ ಬರೆಯಿಸಿ. ಅದರಲ್ಲಿ ಮುಂದಿನ ದಿನಾಂಕ ಯಾವುದು, ಬಾಕಿ ಏನಿದೆ, ಯಾರಿಗೆ ಯಾವ ಮಾತು ಕೊಟ್ಟಿದ್ದೇವೆ, ಮಗುವಿಗೆ ಯಾರ ಮೇಲೆ ನಂಬಿಕೆ, ಯಾರ ಭಯ, ಇವಿಷ್ಟು ಸಾಕು. ನಮೂನೆ 7ರ ವೈಯಕ್ತಿಕ ಪಾಲನಾ ಯೋಜನೆಯಲ್ಲಿ ಇವುಗಳಲ್ಲಿ ಕೆಲವು ಇರುತ್ತವೆ, ಎಲ್ಲವೂ ಇರುವುದಿಲ್ಲ. ಉಳಿದದ್ದು ಕ್ಷೇತ್ರ ಕಾರ್ಯಕರ್ತರ ಕೈಚೀಲದ ಪುಸ್ತಕದಲ್ಲಿರುತ್ತದೆ. ಅಂಥ ಒಂದು ಪುಸ್ತಕವನ್ನು ನಾನು ನೋಡಿದ್ದೇನೆ. ಮಳೆಗೆ ಅಂಚು ಉಬ್ಬಿದ ನೂರು ಪುಟದ ನೋಟ್‌ಬುಕ್, ಹಿಂದಿನ ರಟ್ಟಿನ ಒಳಗೆ ಬಸ್ಸಿನ ವೇಳೆಗಳು, ನಡುವೆ ಪೆನ್ಸಿಲಿನಲ್ಲಿ ಹೀಗೆ: "ಅಜ್ಜಿ ಮೂರು ಗಂಟೆ ಮೇಲೆ ಸಿಗ್ತಾರೆ. ಗೇಟಲ್ಲಿ ಮೇಸ್ತ್ರಿ ಕೇಳಿದ್ರೆ ಅಂಗನವಾಡಿ ಲೆಕ್ಕಕ್ಕೆ ಬಂದೆ ಅನ್ನಬೇಕು. ಚಿಕ್ಕಪ್ಪ ಇದ್ರೆ ಹುಡುಗ ಮಾತಾಡಲ್ಲ, ಕೆರೆ ಕಡೆ ಕರ್ಕೊಂಡು ಹೋಗಬೇಕು." ಈ ಮೂರು ಸಾಲು ಕಳೆದುಹೋದರೆ ಹೊಸಬರಿಗೆ ಮತ್ತೆ ಮೂರು ಭೇಟಿ ಬೇಕು, ಆ ಹುಡುಗನಿಗೆ ಮತ್ತೆ ಮೂರು ತಿಂಗಳ ಮೌನ.

ಆ ಸಾಲುಗಳನ್ನು ಒಂದು ಕಡೆ ಕುಳಿತು ನಕಲು ಮಾಡಿಸಿದರೂ ಸಾಲದು. ಹಳಬರು ಮತ್ತು ಹೊಸಬರು ಇಬ್ಬರೂ ಸೇರಿ, ತೊಂದರೆಯ ಅಂಚಿನಲ್ಲಿರುವ ಪ್ರತಿಯೊಂದು ಮಗುವಿನ ಮನೆಗೂ ಒಮ್ಮೆ ಹೋಗಿ ಬರಬೇಕು. ಎಲ್ಲ ಮನೆಗಳಿಗೂ ಸಾಧ್ಯವಾಗದಿದ್ದರೆ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣದ ಮಕ್ಕಳು, ಇತ್ತೀಚೆಗೆ ಬಾಲಮಂದಿರದಿಂದ ಮನೆಗೆ ಮರಳಿದವರು, ಮದುವೆ ತಡೆಯಲ್ಪಟ್ಟ ಹುಡುಗಿಯರು, ಒಬ್ಬರೇ ವಯಸ್ಸಾದ ಪಾಲಕರಿರುವ ಮಕ್ಕಳು, ಈ ನಾಲ್ಕು ಗುಂಪುಗಳನ್ನಂತೂ ಬಿಡಕೂಡದು. ಮದುವೆ ನಿಂತ ದಿನ ಎಲ್ಲರೂ ಬಂದಿರುತ್ತಾರೆ. ತಿಂಗಳ ನಂತರ ಬೇರೆ ಊರಿನ ನೆಂಟರ ಮನೆಯಲ್ಲಿ ಅದೇ ಮದುವೆ ನಡೆಯದಂತೆ ನೋಡುವವರು ಯಾರು ಎಂಬುದು ಪ್ರಭಾರದ ಪುಟದಲ್ಲಿ ಹೆಸರು ಹಿಡಿದು ಬರೆದಿರಬೇಕು.

ಗೋಪ್ಯತೆಯ ಮಾತನ್ನು ಇಲ್ಲಿಯೇ ಹೇಳುತ್ತೇನೆ. ಬದಲಾವಣೆಯ ಸಮಯದಲ್ಲಿ ಮಾಹಿತಿ ಬೇಗ ಹರಿದಾಡಲೆಂದು ವಾಟ್ಸ್‌ಆ್ಯಪ್ ಗುಂಪು ಮಾಡುತ್ತಾರೆ, ಎರಡನೆಯ ದಿನ ಅದರಲ್ಲಿ ಮಗುವಿನ ಫೋಟೊ, ಹೆಸರು, ಶಾಲೆ ಎಲ್ಲವೂ ಬಂದುಬಿಡುತ್ತದೆ. ಮಗುವಿನ ಗುರುತು ಬಹಿರಂಗಪಡಿಸುವುದನ್ನು ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಗುಂಪಿನಲ್ಲಿ ಕಡತದ ಸಂಖ್ಯೆ ಮಾತ್ರ ಬಳಸುವುದೆಂದು ಮೊದಲ ಸಂದೇಶದಲ್ಲಿಯೇ ಬರೆದು, ತಪ್ಪಿದವರಿಗೆ ಆ ಕ್ಷಣವೇ ಫೋನ್ ಮಾಡಿ ಅಳಿಸಲು ಹೇಳಿ. ಸಭೆಯವರೆಗೂ ಕಾಯಬೇಡಿ.

ಸಿಬ್ಬಂದಿ ಮತ್ತು ಮಕ್ಕಳೊಂದಿಗೆ ಮಾತು

ಘಟಕದಲ್ಲಿ ದುಡಿಯುವವರಲ್ಲಿ ಬಹುಪಾಲು ಗುತ್ತಿಗೆಯವರು. ಬದಲಾವಣೆ ಎಂಬ ಪದ ಕಿವಿಗೆ ಬಿದ್ದೊಡನೆ ಅವರ ಮನಸ್ಸಿಗೆ ಬರುವ ಮೊದಲ ಪ್ರಶ್ನೆ, ನನ್ನ ಹುದ್ದೆ ಉಳಿಯುತ್ತದೆಯೇ ಎಂಬುದು. ಈ ಪ್ರಶ್ನೆಗೆ ಉತ್ತರ ಹೇಳದೆ ಉಳಿದ ಏನನ್ನೂ ವಿವರಿಸಲು ಹೋಗಬೇಡಿ; ಯಾರೂ ಕೇಳಿಸಿಕೊಳ್ಳುವುದಿಲ್ಲ. ಹುದ್ದೆ ಕಡಿತವಿಲ್ಲವೆಂದಾದರೆ ಅದನ್ನು ಆದೇಶದ ಮೊದಲ ಸಾಲಿನಲ್ಲಿ ಬರೆಯಿರಿ. ಪ್ರಯಾಣ ಭತ್ಯೆಯ ವಿಷಯವನ್ನೂ ಅಂದೇ ತೀರ್ಮಾನಿಸಿ. ಶೃಂಗೇರಿಗೆ ವಾರಕ್ಕೊಮ್ಮೆ ಹೋಗಿ ಬನ್ನಿ ಎಂದು ಹೇಳಿ, ಬಸ್ಸಿನ ಚೀಟಿಗಳ ಹಣವನ್ನು ತಿಂಗಳುಗಟ್ಟಲೆ ತಡೆದರೆ, ಎರಡನೆಯ ತಿಂಗಳಿಂದ ಭೇಟಿಗಳು ಫೋನಿನಲ್ಲೇ ನಡೆಯುತ್ತವೆ. ತಪ್ಪು ಅವರದಲ್ಲ.

ಹೊಸ ವಹಿಯೊಂದನ್ನು ಸೇರಿಸುವ ಮುನ್ನ ಹಳೆಯದೊಂದನ್ನು ತೆಗೆಯಿರಿ. ಮಿಷನ್ ವಾತ್ಸಲ್ಯದ ಪೋರ್ಟಲ್‌ನಲ್ಲಿ ತುಂಬಿದ್ದನ್ನೇ ಮತ್ತೆ ಎಕ್ಸೆಲ್‌ನಲ್ಲಿ, ಮತ್ತೆ ಕೈಬರಹದ ವಹಿಯಲ್ಲಿ ಬರೆಯಿಸುವ ಕಚೇರಿಯಲ್ಲಿ ಮನೆ ಭೇಟಿಗೆ ಉಳಿಯುವುದು ಸಂಜೆ ಮಾತ್ರ.

ಮಕ್ಕಳನ್ನು ಕೇಳುವುದನ್ನು ಬಹಳ ಯೋಜನೆಗಳು ಮರೆಯುತ್ತವೆ. ಬಾಲಮಂದಿರದಲ್ಲಿ ಆಪ್ತ ಸಮಾಲೋಚಕರು ಬರುವ ದಿನ ಮಂಗಳವಾರದಿಂದ ಶುಕ್ರವಾರಕ್ಕೆ ಹೋದರೆ ಕಚೇರಿಗೆ ಅದು ವೇಳಾಪಟ್ಟಿ; ಮಂಗಳವಾರ ಬಾಗಿಲ ಬಳಿ ಕಾದು ಕುಳಿತ ಹುಡುಗಿಗೆ ಅದು ಇನ್ನೊಬ್ಬರು ಬಿಟ್ಟುಹೋದಂತೆ. ಬದಲಾವಣೆಗೆ ಎರಡು ವಾರ ಮುಂಚೆ, ಬಿಟ್ಟುಹೋಗುವವರೇ ಮಕ್ಕಳ ಮುಂದೆ ಕುಳಿತು, ಇನ್ನು ಮುಂದೆ ಯಾರು ಬರುತ್ತಾರೆ, ಏಕೆ ಎಂದು ಹೇಳಬೇಕು. ಹೊಸಬರನ್ನು ಜೊತೆಗೇ ಕೂರಿಸಿಕೊಳ್ಳಬೇಕು. ಮಕ್ಕಳು ಕೇಳುವ ಪ್ರಶ್ನೆ ಬಹುತೇಕ ಒಂದೇ: "ಮುಂದಿನ ಸಲ ನೀವೇ ಬರ್ತೀರಾ?" ಇಲ್ಲವೆಂದಾದರೆ ಇಲ್ಲವೆಂದೇ ಹೇಳಿ. ಬರುತ್ತೇನೆಂದು ಹೇಳಿ ಬಾರದವರನ್ನು ಆ ಮಕ್ಕಳು ಈಗಾಗಲೇ ಬಹಳ ಮಂದಿಯನ್ನು ಕಂಡಿದ್ದಾರೆ.

ಅಳೆಯುವುದು ಏನನ್ನು

ನಾಲ್ಕೇ ಅಂಕಿಗಳನ್ನು ತಿಂಗಳಿಗೊಮ್ಮೆ ನೋಡಿ. ದೂರು ಬಂದ ಗಳಿಗೆಯಿಂದ ಮಗುವನ್ನು ಕಣ್ಣಾರೆ ಕಂಡ ಗಳಿಗೆಗೆ ಎಷ್ಟು ಗಂಟೆ ಆಯಿತು. 15 ದಿನದೊಳಗೆ ಸಲ್ಲಿಕೆಯಾದ ತನಿಖಾ ವರದಿಗಳೆಷ್ಟು. ಪ್ರಾಯೋಜಕತ್ವದ ಹಣ ಆ ತಿಂಗಳು ಯಾವ ಮಗುವಿಗೆ ತಲುಪಲಿಲ್ಲ. ಒಂದು ಮಗುವಿಗೆ ಎಷ್ಟು ಬಾರಿ ಕಾರ್ಯಕರ್ತರು ಬದಲಾದರು. ಇವೆಲ್ಲ ಈಗಿರುವ ವಹಿಗಳಿಂದಲೇ ಸಿಗುತ್ತವೆ. ಜಿಲ್ಲಾಧಿಕಾರಿಗಳ ಪರಿಶೀಲನಾ ಸಭೆಗೆ ಇವೇ ನಾಲ್ಕನ್ನು ಹಳೆಯ ತಿಂಗಳುಗಳೊಂದಿಗೆ ಹೋಲಿಸಿ ಒಯ್ಯಿರಿ. ಪ್ರಯೋಗದ ತಾಲ್ಲೂಕಿನಲ್ಲಿ ಅಂಕಿ ಹದಗೆಟ್ಟರೆ ಅದನ್ನು ಮೊದಲು ಹೇಳುವವರು ನೀವೇ ಆಗಿರಿ. ಎರಡು ತಿಂಗಳು ಸತತವಾಗಿ ಹದಗೆಟ್ಟರೆ ಹಳೆಯ ಹಂಚಿಕೆಗೆ ಮರಳುವುದೆಂದು ಆದೇಶದಲ್ಲಿ ಮೊದಲೇ ಬರೆದಿರಬೇಕು. ಆಗ ಹಿಂದೆ ಸರಿಯುವುದು ಯಾರ ಸೋಲೂ ಆಗುವುದಿಲ್ಲ.

ಜನರಿಗೆ ಗೊತ್ತಿರುವ ಬಾಗಿಲನ್ನು ಮಾತ್ರ ಬದಲಿಸಬೇಡಿ. 2023ರ ಬದಲಾವಣೆಯಲ್ಲಿ ನನಗೆ ಅತ್ಯಂತ ಸರಿಯೆನಿಸಿದ್ದು, ಕರೆ ಸ್ವೀಕರಿಸುವ ಕೈ ಬದಲಾದರೂ 1098 ಎಂಬ ಸಂಖ್ಯೆ ಬದಲಾಗದೆ ಉಳಿದದ್ದು. ಅಂಗನವಾಡಿಯ ಗೋಡೆಯ ಮೇಲೆ, ಶಾಲೆಯ ಕಾಂಪೌಂಡಿನ ಮೇಲೆ ಬರೆದದ್ದು ಹಾಗೆಯೇ ಕೆಲಸಕ್ಕೆ ಬಂತು. ನಿಮ್ಮ ಘಟಕದಲ್ಲಿಯೂ ಅಂಥ ಸಂಖ್ಯೆಗಳಿರುತ್ತವೆ. ಹಳೆಯ ಕ್ಷೇತ್ರ ಕಾರ್ಯಕರ್ತರ ಮೊಬೈಲ್ ನಂಬರನ್ನು ಯಾವುದೋ ಲೈನ್ ಮನೆಯ ತಾಯಿ ಕ್ಯಾಲೆಂಡರ್ ಹಿಂದೆ ಬರೆದುಕೊಂಡಿರುತ್ತಾಳೆ, ಯಾರೋ ಒಬ್ಬ ಹುಡುಗಿ ಬಾಯಿಪಾಠ ಮಾಡಿಕೊಂಡಿರುತ್ತಾಳೆ. ಅದು ಕಚೇರಿಯ ಸಿಮ್ ಆಗಿದ್ದರೆ ಕನಿಷ್ಠ ಒಂದು ವರ್ಷ ಚಾಲ್ತಿಯಲ್ಲಿಟ್ಟು, ಆ ಫೋನು ಹಗಲು ಯಾರ ಬಳಿ, ರಾತ್ರಿ ಯಾರ ಬಳಿ ಇರಬೇಕು, ಅದನ್ನು ಚಾರ್ಜ್ ಮಾಡುವವರು ಯಾರು ಎಂಬುದನ್ನು ಕಚೇರಿ ಆದೇಶದ ಕೊನೆಯ ಸಾಲಿನಲ್ಲಿ ಹೆಸರು ಹಾಕಿ ಬರೆಯಿರಿ.